ಯಾರದ್ದೋ ಯುದ್ಧಕ್ಕೆ ಮೈಸೂರಿನ ಸರಂಜಾಮು

1941ರ ಜೂನ್ 16ರಂದು ಇಂಗ್ಲೆಂಡಿನ ಯಾರ್ಕ್‌ಷೈರ್ ಸೀಮೆಯ ಲೆಕನ್‌ಫೀಲ್ಡ್ ಎಂಬ ವಾಯುನೆಲೆಯಲ್ಲಿ ಬ್ರಿಟಿಷ್ ವಾಯುಪಡೆಯ 129ನೇ ಸ್ಕ್ವಾಡ್ರನ್ ಮರುಹುಟ್ಟು ಪಡೆಯಿತು. ಮೊದಲ ಮಹಾಯುದ್ಧದ ಕೊನೆಯ ವರ್ಷ ಹುಟ್ಟಿ, ಕೆಲವೇ ತಿಂಗಳಲ್ಲಿ ಮುಚ್ಚಿಹೋಗಿದ್ದ ತುಕಡಿ ಅದು. ಈ ಸಲ ಅದರ ಅಂಕಿಯ ಪಕ್ಕದಲ್ಲಿ ಒಂದು ಊರಿನ ಹೆಸರೂ ಇತ್ತು: ಮೈಸೂರು. ತುಕಡಿಯ ಲಾಂಛನದಲ್ಲಿ ಗಂಡಭೇರುಂಡ. ಬಸದಿ, ದೇವಾಲಯಗಳ ಗೋಡೆಯಿಂದ ಅರಮನೆಯ ಬಾವುಟಕ್ಕೆ, ಅಲ್ಲಿಂದ ಸರ್ಕಾರಿ ಕಾಗದಕ್ಕೆ ಬಂದಿದ್ದ ಆ ಎರಡು ತಲೆಯ ಹಕ್ಕಿ ಹೀಗೆ ಇಂಗ್ಲಿಷ್ ಕಾಲುವೆಯ ಮೇಲೂ ಹಾರಾಡಿತು.

ಇದರ ಹಿಂದೆ ಇದ್ದದ್ದು ದುಡ್ಡು. 1940ರ ಮೇ ತಿಂಗಳಲ್ಲಿ ಬ್ರಿಟನ್ನಿನ ವಿಮಾನ ಉತ್ಪಾದನಾ ಮಂತ್ರಿಯಾದ ಲಾರ್ಡ್ ಬೀವರ್‌ಬ್ರೂಕ್ ಮೂಲತಃ ಪತ್ರಿಕೆಗಳ ಒಡೆಯ. ಜನರ ಜೇಬು ಬಿಚ್ಚಿಸುವ ಕಲೆ ಬಲ್ಲವನು. ಒಂದು ಸ್ಪಿಟ್‌ಫೈರ್ ವಿಮಾನಕ್ಕೆ 5,000 ಪೌಂಡ್ ಎಂದು ದರ ಕಟ್ಟಿದ. ಅಂದಿನ ವಿನಿಮಯದಲ್ಲಿ ಸುಮಾರು 66 ಸಾವಿರ ರೂಪಾಯಿ. ವಿಮಾನದ ನಿಜವಾದ ಖರ್ಚು ಇದಕ್ಕಿಂತ ಹೆಚ್ಚು, ಆದರೆ 5,000 ಎನ್ನುವುದು ಬಾಯಲ್ಲಿ ನಿಲ್ಲುವ ಅಂಕಿ. ಕೊಟ್ಟವರ ಹೆಸರನ್ನು ವಿಮಾನದ ಮೂತಿಯ ಬಳಿ ಬರೆಸುತ್ತಿದ್ದರು. ದೊಡ್ಡ ಮೊತ್ತ ಕೊಟ್ಟ ಸೀಮೆಗಳ ಹೆಸರು ಇಡೀ ಸ್ಕ್ವಾಡ್ರನ್ನಿಗೇ ಬರುತ್ತಿತ್ತು. ಹೈದರಾಬಾದ್, ಬಾಂಬೆ, ಮದ್ರಾಸ್ ಪ್ರೆಸಿಡೆನ್ಸಿ ಹೆಸರಿನ ಸ್ಕ್ವಾಡ್ರನ್‌ಗಳು ಹಾಗೆ ಹುಟ್ಟಿದವು. ಆ ಪಟ್ಟಿಯಲ್ಲಿ ಮೈಸೂರೂ ಸೇರಿತು.

1942ರ ಆಗಸ್ಟ್ 19ರ ಬೆಳಗ್ಗೆ ಫ್ರಾನ್ಸಿನ ಡಿಯೆಪ್ ಕರಾವಳಿಯ ಮೇಲೆ ದಾಳಿ ನಡೆದಾಗ ಈ ಸ್ಕ್ವಾಡ್ರನ್ನಿನ ಸ್ಪಿಟ್‌ಫೈರ್‌ಗಳು ವಾರೆಂಜ್‌ವಿಲ್ ಬಳಿಯ ಜರ್ಮನ್ ಫಿರಂಗಿ ನೆಲೆಯ ಮೇಲೆ ಗುಂಡಿನ ಮಳೆಗರೆದವು. ಕೆಳಗೆ ಅದೇ ನೆಲೆಯನ್ನು ಹಿಡಿಯಲು ಕಡಲಿನಿಂದ ಹತ್ತಿ ಬಂದ ಬ್ರಿಟಿಷ್ ಕಮಾಂಡೋಗಳು ಕಣಿವೆಯಲ್ಲಿ ಅಡ್ಡ ಬಂದ ಮುಳ್ಳುತಂತಿಯನ್ನು ಸಿಡಿಸಿದ್ದು ‘ಬೆಂಗಳೂರು ಟಾರ್ಪೆಡೊ’ದಿಂದ. ಉದ್ದನೆಯ ಕೊಳವೆಯಲ್ಲಿ ಸ್ಫೋಟಕ ತುಂಬಿ, ತಂತಿಬೇಲಿಯ ಅಡಿಗೆ ತಳ್ಳಿ ಹಾರಿಸುವ ಈ ಸಾಧನವನ್ನು 1912ರಲ್ಲಿ ಬೆಂಗಳೂರಿನ ಮದ್ರಾಸ್ ಸ್ಯಾಪರ್ಸ್‌ನ ಕ್ಯಾಪ್ಟನ್ ಮೆಕ್‌ಕ್ಲಿಂಟಾಕ್ ರೂಪಿಸಿದ್ದ. ಒಂದೇ ಬೆಳಗ್ಗೆ, ಒಂದೇ ಫಿರಂಗಿ ನೆಲೆಯ ಸುತ್ತ, ಮೇಲೆ ಮೈಸೂರು, ಕೆಳಗೆ ಬೆಂಗಳೂರು. ಆದರೆ ಅಲ್ಲಿ ಹೋರಾಡುತ್ತಿದ್ದವರಲ್ಲಿ ಎಷ್ಟು ಮಂದಿಗೆ ಈ ಊರುಗಳು ಭೂಪಟದ ಯಾವ ಮೂಲೆಯಲ್ಲಿವೆ ಎಂಬುದು ತಿಳಿದಿತ್ತೋ!

ಎರಡು ವರ್ಷದ ಬಳಿಕ ಅದೇ ಸ್ಕ್ವಾಡ್ರನ್ ಮಸ್ಟಾಂಗ್ ವಿಮಾನಗಳಿಗೆ ಬದಲಾಗಿ, ಲಂಡನ್ನಿನತ್ತ ಬರುತ್ತಿದ್ದ ಜರ್ಮನರ ಹಾರುವ ಬಾಂಬುಗಳನ್ನು ಅರವತ್ತಕ್ಕೂ ಹೆಚ್ಚು ಸಂಖ್ಯೆಯಲ್ಲಿ ಉರುಳಿಸಿತು. 1946ರ ಸೆಪ್ಟೆಂಬರ್ 1ರಂದು ಅದಕ್ಕೆ 257 ಎಂಬ ಬೇರೆ ಅಂಕಿ ಬಂತು. ಮೈಸೂರಿನ ಹೆಸರು ಪಟ್ಟಿಯಿಂದ ಇಳಿಯಿತು. ಕೊಟ್ಟ ದುಡ್ಡಿಗೆ ಮೈಸೂರಿನಲ್ಲಿ ಉಳಿದದ್ದು ಒಂದು ಲಾಂಛನದ ನೆನಪು ಮಾತ್ರ.

ಅದೇ ಯುದ್ಧಕ್ಕಾಗಿ ಮೈಸೂರು ಬೇರೆ ಬಗೆಯಲ್ಲೂ ಕೊಟ್ಟಿತು. ಆ ಕೊಡುಗೆಯಿಂದ ಬೆಂಗಳೂರಿನ ಹೊರವಲಯವೇ ಬೇರೆಯಾಯಿತು. ಅಲ್ಲಿಗೆ ಹೋಗುವ ಮೊದಲು ಒಂದು ತಲೆಮಾರು ಹಿಂದೆ ಹೋಗಬೇಕು.

1914ರ ಆಗಸ್ಟ್‌ನಲ್ಲಿ ಯೂರೋಪಿನಲ್ಲಿ ಯುದ್ಧ ಹೊತ್ತಿಕೊಂಡಾಗ ಮೈಸೂರಿನ ಗಾದಿಯ ಮೇಲೆ ನಾಲ್ವಡಿ ಕೃಷ್ಣರಾಜ ಒಡೆಯರು, ದಿವಾನಗಿರಿಯಲ್ಲಿ ಎಂ. ವಿಶ್ವೇಶ್ವರಯ್ಯ. ಸೆಪ್ಟೆಂಬರ್ 9ರಂದು ಲಂಡನ್ನಿನ ಪಾರ್ಲಿಮೆಂಟಿನಲ್ಲಿ ವೈಸರಾಯ್ ಕಳಿಸಿದ ತಂತಿಯೊಂದನ್ನು ಓದಲಾಯಿತು. ಭಾರತದ ಸಂಸ್ಥಾನಿಕರು ಯಾರು ಯಾರು ಏನೇನು ಕೊಡುತ್ತಾರೆ ಎಂಬ ಉದ್ದನೆಯ ಪಟ್ಟಿ ಅದು. ಒಬ್ಬರು ಒಂಟೆ ಕೊಟ್ಟಿದ್ದರು, ಒಬ್ಬರು ಕುದುರೆ; ಭೋಪಾಲ್ ಮತ್ತು ಇತರ ಕೆಲವು ಸಂಸ್ಥಾನಗಳು ಸೇರಿ ಒಂದು ಆಸ್ಪತ್ರೆ ಹಡಗನ್ನೇ ಕೊಡುವುದಾಗಿ ಹೇಳಿದ್ದವು, ಅದರ ಹೆಸರು ‘ಲಾಯಲ್ಟಿ’. ರೀವಾದ ರಾಜ ತನ್ನ ಸೈನ್ಯ, ಬೊಕ್ಕಸ, ಒಡವೆಗಳನ್ನೂ ಒಡ್ಡಿದ್ದ. ಮೈಸೂರಿನ ಹೆಸರಿನ ಮುಂದೆ ಇದ್ದದ್ದು ನಗದು: ಕಡಲಾಚೆ ಹೊರಟ ಸೈನ್ಯದ ಖರ್ಚಿಗೆ 50 ಲಕ್ಷ ರೂಪಾಯಿ.

50 ಲಕ್ಷ ಅಂದರೆ ಆಗ ಎಷ್ಟು ಎಂಬುದಕ್ಕೆ ನಮಗೆ ಒಂದು ಒಳ್ಳೆಯ ಅಳತೆಗೋಲು ಇದೆ. ಅದೇ ವರ್ಷಗಳಲ್ಲಿ ಕನ್ನಂಬಾಡಿಯಲ್ಲಿ ಕಟ್ಟೆ ಏಳುತ್ತಿತ್ತು. ಅದರ ಮೊದಲ ಹಂತದ ಅಂದಾಜು 81 ಲಕ್ಷ. ಆ 81 ಲಕ್ಷಕ್ಕೆ ಒಪ್ಪಿಗೆ ಪಡೆಯಲು ವಿಶ್ವೇಶ್ವರಯ್ಯನವರು ಪಟ್ಟ ಪಾಡು ಮೈಸೂರಿನ ಶಾಲೆಯ ಮಕ್ಕಳಿಗೂ ಗೊತ್ತು: ಖಜಾನೆಯವರ ಅನುಮಾನ, ವಾದ ಪ್ರತಿವಾದ, ಚೀಫ್ ಇಂಜಿನಿಯರ್ ಕೆಲಸವನ್ನೇ ಬಿಡುವ ಮಾತು, ಕೊನೆಗೆ 1911ರಲ್ಲಿ ಮಹಾರಾಜರ ಅಪ್ಪಣೆ. ಅದರ ಐದರಲ್ಲಿ ಮೂರು ಪಾಲಿಗಿಂತ ತುಸು ಹೆಚ್ಚೇ ಆದ ಮೊತ್ತ ಯುದ್ಧದ ಮೊದಲ ವಾರಗಳಲ್ಲೇ ಕೈಬಿಟ್ಟು ಹೋಯಿತು. ಇದೂ ಸಾಲದು ಎಂಬಂತೆ ಮೈಸೂರು ವರ್ಷವರ್ಷವೂ ಬ್ರಿಟಿಷರಿಗೆ 35 ಲಕ್ಷ ಪೊಗದಿ ಕಟ್ಟುತ್ತಿತ್ತು. ‘ರಕ್ಷಣೆ’ಯ ಬಾಬ್ತು ಕಟ್ಟುವ ಆ ಹಣದಲ್ಲಿ ಹತ್ತೂವರೆ ಲಕ್ಷದ ರಿಯಾಯಿತಿ ಸಿಕ್ಕಿದ್ದು 1928ರ ಹೊತ್ತಿಗೆ.

ಹಾಗಾದರೆ ಇಷ್ಟು ಧಾರಾಳ ಯಾಕೆ? ರಾಜಭಕ್ತಿ ಎಂದು ಅಂದಿನ ಅಭಿನಂದನಾ ಪತ್ರಗಳು ಹೇಳುತ್ತವೆ. ನನಗೆ ಕಾಣುವುದು ನೆನಪಿನ ಭಯ. 1831ರಲ್ಲಿ ಬ್ರಿಟಿಷರು ಆಡಳಿತವನ್ನು ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಕಿತ್ತುಕೊಂಡು ಐವತ್ತು ವರ್ಷ ತಾವೇ ನಡೆಸಿದ್ದರು. 1881ರಲ್ಲಿ ಮರಳಿ ಕೊಟ್ಟಾಗಲೂ ಕರಾರಿನ ಕಾಗದ ಬಿಗಿಯಾಗಿತ್ತು. 1913ರಲ್ಲಷ್ಟೇ, ವೈಸರಾಯ್ ಲಾರ್ಡ್ ಹಾರ್ಡಿಂಜ್ ಮೈಸೂರಿಗೆ ಬಂದಾಗ, ಆ ಕಾಗದದ ಜಾಗದಲ್ಲಿ ಒಂದು ಗೌರವದ ಒಪ್ಪಂದ ಬಂದಿತ್ತು. ಅದರ ಮಸಿ ಆರುವ ಮೊದಲೇ ಯುದ್ಧ. ಒಮ್ಮೆ ಮನೆ ಕಳೆದುಕೊಂಡು ಮರಳಿ ಪಡೆದವನು ಸಾಲಗಾರ ಕೇಳುವ ಮೊದಲೇ ಬಡ್ಡಿ ಎಣಿಸಿ ಇಡುತ್ತಾನಲ್ಲ, ಹಾಗೆ.

ದುಡ್ಡಿನ ಜತೆ ಮನುಷ್ಯರೂ ಹೋದರು. ಇಂಪೀರಿಯಲ್ ಸರ್ವಿಸ್ ಪಡೆ ಎಂಬ ವ್ಯವಸ್ಥೆಯಲ್ಲಿ ಸಂಸ್ಥಾನವೇ ಸವಾರರನ್ನು ಸಾಕಿ, ಸಂಬಳ ಕೊಟ್ಟು, ಸಾಮ್ರಾಜ್ಯಕ್ಕೆ ಬೇಕಾದಾಗ ಕಳಿಸಬೇಕು. ಮೈಸೂರು ಲ್ಯಾನ್ಸರ್ಸ್ ಹುಟ್ಟಿದ್ದೇ ಹಾಗೆ, 1892ರಲ್ಲಿ. 1914ರ ಅಕ್ಟೋಬರ್‌ನಲ್ಲಿ ಈ ರಿಸಾಲೆ ಬೆಂಗಳೂರಿನಲ್ಲಿ ರೈಲು ಹತ್ತಿತು: ಸುಮಾರು 450 ಸವಾರರು, ಐನೂರಕ್ಕೂ ಹೆಚ್ಚು ಕುದುರೆಗಳು, ಹೇಸರಗತ್ತೆಗಳು, ಜತೆಗೆ ಲಾಯದವರು, ಅಡುಗೆಯವರು, ಲಾಳ ಕಟ್ಟುವವರು. ಬೊಂಬಾಯಿಯಿಂದ ಹಡಗಿನಲ್ಲಿ ಈಜಿಪ್ಟಿಗೆ. ಮೈಸೂರಿನ ಸಾಗಾಣಿಕೆ ದಳವೊಂದು ಮೆಸೊಪೊಟೇಮಿಯಾದಲ್ಲಿ ದುಡಿಯಿತು. ಮೈಸೂರಿನ ದನಕರುಗಳಿಗೆ ಪರದೇಶದ ಯುದ್ಧ ಹೊಸದೇನಲ್ಲ. 1842ರಲ್ಲಿ ಜನರಲ್ ಪೊಲ್ಲಾಕ್‌ನ ಸೈನ್ಯ ಕಾಬೂಲಿನತ್ತ ಹೋದಾಗ ಅದರೊಂದಿಗೆ 230 ಅಮೃತಮಹಲ್ ಎತ್ತುಗಳಿದ್ದವು. ಬೇರೆ ಯಾವ ಎಳೆಯುವ ಪ್ರಾಣಿಯೂ ಅವುಗಳಿಗೆ ಸಾಟಿಯಾಗಲಿಲ್ಲ ಎಂದು ಸೈನ್ಯದವರೇ ಬರೆದಿಟ್ಟರು.

ಹುರುಳಿ ತಿಂದು ಬೆಳೆದ ಕುದುರೆಗಳಿಗೆ ಈಜಿಪ್ಟಿನಲ್ಲಿ ಸಿಕ್ಕಿದ್ದು ಬಾರ್ಲಿ, ಮತ್ತು ‘ತಿಬ್ಬನ್’ ಎಂದು ಅಲ್ಲಿನವರು ಕರೆಯುವ ಕತ್ತರಿಸಿದ ಹುಲ್ಲು. ಮೊದಲ ಮೂರು ವರ್ಷ ಸೂಯೆಜ್ ಕಾಲುವೆಯ ಕಾವಲು, ಸಿನಾಯಿ ಮರಳುಗಾಡಿನ ಗಸ್ತು. ಆಮೇಲೆ ಪ್ಯಾಲೆಸ್ಟೈನ್. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣದ ಮೇಲೆ ನಡೆದ ದಾಳಿ ಎಲ್ಲರಿಗೂ ಗೊತ್ತಿರುವ ಕತೆ. ಜೋಧಪುರದ ಸವಾರರು ಊರಿನತ್ತ ನೇರ ನುಗ್ಗಿದರು, ಅವರ ಮೇಜರ್ ದಲಪತ್ ಸಿಂಗ್ ಅಲ್ಲೇ ಬಿದ್ದರು. ಮೈಸೂರಿನವರ ಪಾಲಿಗೆ ಬಂದದ್ದು ಕಾರ್ಮೆಲ್ ಬೆಟ್ಟ. ಕಲ್ಲುಬಂಡೆಗಳ ನಡುವೆ ಕುದುರೆ ನಡೆಸಿಕೊಂಡು ಏರಿ, ಮೇಲಿನಿಂದ ಗುಂಡು ಸುರಿಸುತ್ತಿದ್ದ ಫಿರಂಗಿಗಳನ್ನು ಹಿಂದಿನಿಂದ ಹಿಡಿಯಬೇಕಿತ್ತು. ಹಿಡಿದರು. ಸಂಜೆಗೆ 1,350 ಕೈದಿಗಳು, 17 ಫಿರಂಗಿಗಳು, 11 ಮೆಷಿನ್‌ಗನ್‌ಗಳು ಕೈವಶ. ಸತ್ತ ಸೈನಿಕರು 8, ಸತ್ತ ಕುದುರೆಗಳು 60. ಸಾಮಾನು ಸರಂಜಾಮಿನ ಲೆಕ್ಕ ಬರೆಯುವವನು ಕುದುರೆಗಳನ್ನೂ ಎಣಿಸಬೇಕು. ಸವಾರ ಕಡಲಾಚೆಗೆ ಒಯ್ದ ಅತಿ ಬೆಲೆಬಾಳುವ ವಸ್ತು ಅದೇ. ಒಂದು ತಿಂಗಳ ಬಳಿಕ ಅಲೆಪ್ಪೊ ಪಟ್ಟಣದಾಚೆ ಹರಿತಾನ್ ಎಂಬಲ್ಲಿ ಜೋಧಪುರದವರೂ ಮೈಸೂರಿನವರೂ ಮತ್ತೆ ಕಾದಿದರು. ಐದೇ ದಿನದಲ್ಲಿ ತುರ್ಕಿಯ ಜತೆ ಕದನವಿರಾಮ. ಬೆಂಗಳೂರಿನ ಜಯಚಾಮರಾಜೇಂದ್ರ ನಗರದಲ್ಲಿ ಲ್ಯಾನ್ಸರ್ಸ್ ಸ್ಮಾರಕವಿದೆ. ದೆಹಲಿಯ ತೀನ್ ಮೂರ್ತಿಯ ಮೂರು ಕಂಚಿನ ಸವಾರರಲ್ಲಿ ಒಬ್ಬ ಮೈಸೂರಿನವನು. 2018ರಲ್ಲಿ ಆ ವೃತ್ತದ ಹೆಸರಿಗೆ ಹೈಫಾವನ್ನೂ ಸೇರಿಸಿದರು.

ಇತ್ತ ಊರಿನಲ್ಲಿ ಗಿರಣಿಗಳಿಗೆ ಬಿಡುವಿಲ್ಲ. 1884ರಲ್ಲಿ ಶುರುವಾಗಿ ಬಿನ್ನಿ ಕಂಪನಿಯ ಕೈಗೆ ಬಂದಿದ್ದ ಬೆಂಗಳೂರು ಉಣ್ಣೆ, ಹತ್ತಿ ಮತ್ತು ರೇಷ್ಮೆ ಗಿರಣಿಯಲ್ಲಿ ಸೈನ್ಯಕ್ಕೆ ಖಾಕಿ ಬಟ್ಟೆ, ಕಂಬಳಿ ನೇಯುತ್ತಿದ್ದರು. ಬಯಲುಸೀಮೆಯ ಕುರುಬರ ಕರಿಯ ಕಂಬಳಿಗೂ ಸೈನ್ಯದಿಂದ ಬೇಡಿಕೆ ಬಂತು. ಆದರೆ ಯುದ್ಧದಿಂದ ಮೈಸೂರಿಗೆ ದಕ್ಕಿದ ನಿಜವಾದ ಲಾಭ ಬಂದದ್ದು ಯಾರೂ ನಿರೀಕ್ಷಿಸದ ಕಡೆಯಿಂದ. ಅಲ್ಲಿಯವರೆಗೆ ನಮ್ಮ ಗಂಧದ ಕೊರಡು ಹರಾಜಾಗಿ ಹೆಚ್ಚಾಗಿ ಜರ್ಮನಿಗೆ ಹೋಗುತ್ತಿತ್ತು. ಎಣ್ಣೆ ತೆಗೆಯುವ ವಿದ್ಯೆ ಅವರದು. ಯುದ್ಧ ಬಂತು, ಕೊಳ್ಳುವವರಿಲ್ಲ, ಮರ ಗೋದಾಮಿನಲ್ಲೇ ಬಿತ್ತು. ಕೈಗಾರಿಕೆಯ ಮುಖ್ಯಸ್ಥರಾಗಿದ್ದ ಆಲ್ಫ್ರೆಡ್ ಚಾಟರ್ಟನ್ ಮತ್ತು ಟಾಟಾ ಇನ್‌ಸ್ಟಿಟ್ಯೂಟಿನ (ಭಾರತೀಯ ವಿಜ್ಞಾನ ಸಂಸ್ಥೆಯ) ರಸಾಯನಶಾಸ್ತ್ರಜ್ಞರಾದ ಸಡ್‌ಬರೊ, ವಾಟ್ಸನ್ ಸೇರಿ ಭಟ್ಟಿ ಇಳಿಸುವ ಕೆಲಸವನ್ನು ಇಲ್ಲೇ ಮಾಡಿ ನೋಡಿದರು. 1916ರಲ್ಲಿ ಬೆಂಗಳೂರಿನಲ್ಲಿ, ಮರುವರ್ಷ ಮೈಸೂರಿನಲ್ಲಿ ಗಂಧದೆಣ್ಣೆ ಕಾರ್ಖಾನೆ ತೆರೆಯಿತು. ಆ ಎಣ್ಣೆಗೆ ಪರಿಮಳದವರ ಬೇಡಿಕೆಯಷ್ಟೇ ಅಲ್ಲದೆ ಔಷಧಿಯವರ ಬೇಡಿಕೆಯೂ ಇತ್ತು. ಸಿಪಾಯಿಗಳು ರಜೆಯಲ್ಲಿ ಅಂಟಿಸಿಕೊಂಡು ಬರುತ್ತಿದ್ದ, ಮನೆಗೆ ಬರೆಯುವ ಪತ್ರದಲ್ಲಿ ಹೇಳಲಾಗದ ಕಾಯಿಲೆಗೆ ಆ ಕಾಲದ ವೈದ್ಯರು ಗಂಧದೆಣ್ಣೆ ಕೊಡುತ್ತಿದ್ದರು. ಮೈಸೂರು ಸ್ಯಾಂಡಲ್ ಸೋಪು ಬಂದದ್ದು ಈ ಎಣ್ಣೆಯ ಬೆನ್ನಿಗೇ.

50 ಲಕ್ಷ ಕೊಟ್ಟದ್ದು ಅಭಿನಂದನೆಯ ತಂತಿಯಲ್ಲಿ ಕೊನೆಗೊಂಡಿತು. ಕೊಳ್ಳುವವರಿಲ್ಲದ ಗಂಧ ಕಾರ್ಖಾನೆಯಾಯಿತು. ಈ ಪಾಠವನ್ನು ಮೈಸೂರಿನ ಆಡಳಿತಗಾರರು ಮರೆತಂತೆ ಕಾಣುವುದಿಲ್ಲ. ಮುಂದಿನ ಯುದ್ಧದಲ್ಲಿ ಅವರು ನಡೆದುಕೊಂಡ ರೀತಿಯಲ್ಲಿ ಅದು ಸ್ಪಷ್ಟವಾಗಿದೆ.

1940ರ ಆಗಸ್ಟ್ 3ರಂದು ನಾಲ್ವಡಿಯವರು ತೀರಿಕೊಂಡರು. ಸೆಪ್ಟೆಂಬರ್‌ನಲ್ಲಿ ಪಟ್ಟಕ್ಕೆ ಬಂದ ಜಯಚಾಮರಾಜ ಒಡೆಯರಿಗೆ ಇಪ್ಪತ್ತೊಂದು ವರ್ಷ. ದಿವಾನರು ಮಿರ್ಜಾ ಇಸ್ಮಾಯಿಲ್. ಅದಕ್ಕೆ ಹಿಂದಿನ ವರ್ಷದ ಅಕ್ಟೋಬರ್‌ನಲ್ಲಿ ಅಮೆರಿಕದಿಂದ ಪೂರ್ವದೇಶಗಳತ್ತ ಹಾರುತ್ತಿದ್ದ ಪ್ರಯಾಣಿಕ ವಿಮಾನವೊಂದರಲ್ಲಿ ಸೊಲ್ಲಾಪುರ ಸೀಮೆಯ ಉದ್ಯಮಿ ವಾಲಚಂದ್ ಹಿರಾಚಂದರಿಗೆ ವಿಲಿಯಂ ಪಾಲಿ ಎಂಬ ಅಮೆರಿಕನ್ನನ ಪರಿಚಯವಾಗಿತ್ತು. ಪಾಲಿ ಚೀನಾದಲ್ಲಿ ವಿಮಾನ ಕಾರ್ಖಾನೆ ನಡೆಸುತ್ತಿದ್ದ. ಭಾರತದಲ್ಲೂ ಒಂದು ತೆರೆಯೋಣ ಎಂಬ ಮಾತು ಆಕಾಶದಲ್ಲೇ ಆಯಿತು. ಬ್ರಿಟಿಷ್ ಸರ್ಕಾರ ಮೊದಲು ಮೂಗು ಮುರಿದು, ಫ್ರಾನ್ಸ್ ಬಿದ್ದ ಮೇಲೆ ಒಪ್ಪಿತು. ಜಾಗ ಎಲ್ಲಿ ಎಂಬ ಪ್ರಶ್ನೆ ಬಂದಾಗ ಕೈ ಎತ್ತಿದವರು ಮಿರ್ಜಾ. ನೆಲ ಕೊಡುತ್ತೇವೆ, ಬಂಡವಾಳ ಹಾಕುತ್ತೇವೆ, ಶಿವನಸಮುದ್ರದ ಕರೆಂಟು ಇದೆ, ಟಾಟಾ ಇನ್‌ಸ್ಟಿಟ್ಯೂಟ್ ಇದೆ, ಭದ್ರಾವತಿಯಲ್ಲಿ ಕಬ್ಬಿಣ ಇದೆ. ಜತೆಗೆ ಬೆಂಗಳೂರು ಕಡಲಿನಿಂದ ದೂರ. 1940ರ ಡಿಸೆಂಬರ್ 23ರಂದು ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ (ಮುಂದಿನ ಎಚ್‌ಎಎಲ್) ನೋಂದಣಿಯಾಯಿತು.

ಅಂದಿನ ಬೆಂಗಳೂರಿನವರಿಗೆ ಕಾರ್ಖಾನೆಯ ಜಾಗ ಊರಾಚೆಯ ಊರು. ದೊಮ್ಮಲೂರು ದಾಟಿದರೆ ರಾಗಿಹೊಲ, ಕೆರೆ, ಮಾವಿನತೋಪು. ಇನ್ನೂ ಮುಂದಕ್ಕೆ ಹೋದರೆ ವೈಟ್‌ಫೀಲ್ಡ್. 1882ರಲ್ಲಿ ಚಾಮರಾಜೇಂದ್ರ ಒಡೆಯರು ಕೊಟ್ಟ ನೆಲದಲ್ಲಿ ಡಿ. ಎಸ್. ವೈಟ್ ಎಂಬವರು ಆಂಗ್ಲೋ-ಇಂಡಿಯನ್ನರಿಗಾಗಿ ಕಟ್ಟಿಸಿದ ಊರು, ಒಂದು ಇಗರ್ಜಿ, ಒಂದಷ್ಟು ಹೆಂಚಿನ ಮನೆ, ಹಣ್ಣಿನ ತೋಟ. ಈ ನೀರವತೆಯ ನಡುವೆ ಕಾರ್ಖಾನೆ ಎದ್ದು ನಿಂತ ವೇಗ ಅಚ್ಚರಿ ಹುಟ್ಟಿಸುವಂಥದು. 1941ರ ಆಗಸ್ಟ್‌ನಲ್ಲಿ, ಅಂದರೆ ನೋಂದಣಿಯಾಗಿ ಎಂಟೇ ತಿಂಗಳಲ್ಲಿ, ಇಲ್ಲಿ ಜೋಡಿಸಿದ ಮೊದಲ ಹಾರ್ಲೊ ತರಬೇತಿ ವಿಮಾನ ಹಾರಿತು. ಮರುವರ್ಷ ಜುಲೈಯಲ್ಲಿ ಕರ್ಟಿಸ್ ಹಾಕ್ ಫೈಟರ್.

ಆಮೇಲೆ ಯುದ್ಧವೇ ಹತ್ತಿರ ಬಂತು. 1942ರ ಫೆಬ್ರವರಿ 15ರಂದು ಸಿಂಗಪುರ ಜಪಾನಿಯರಿಗೆ ಶರಣಾಯಿತು. ಅಲ್ಲಿದ್ದ ಮೈಸೂರು ಇನ್‌ಫೆಂಟ್ರಿಯ ಮೊದಲ ಬೆಟಾಲಿಯನ್ ಇಡಿಯಾಗಿ ಸೆರೆಯಾಯಿತು. ಕಡಲಾಚೆ ಸೈನಿಕರಿಗೆ ಊರಿನಿಂದ ಏನಾದರೂ ಕಳಿಸುವ ಪದ್ಧತಿ ಅಲ್ಲಿಗೆ ತುಂಡಾಯಿತು: ರೆಡ್‌ಕ್ರಾಸಿನ ಗಂಟುಗಳಲ್ಲಿ ಜಪಾನಿಯರ ಶಿಬಿರಗಳನ್ನು ಮುಟ್ಟಿದ್ದು ಅತ್ಯಲ್ಪ. ಏಪ್ರಿಲ್ 6ರಂದು ವಿಶಾಖಪಟ್ಟಣ, ಕಾಕಿನಾಡದ ಮೇಲೆ ಬಾಂಬು ಬಿತ್ತು. ಹೊಸ ವಿಮಾನ ಕಟ್ಟುತ್ತ ಕೂರುವ ಕಾಲ ಇದಲ್ಲ, ಹಾರಿ ಬಂದವನ್ನು ರಿಪೇರಿ ಮಾಡಿ ಕಳಿಸಿ ಎಂದು ಸರ್ಕಾರ ನಿಶ್ಚಯಿಸಿತು. ವಾಲಚಂದರ ಪಾಲನ್ನು ಭಾರತ ಸರ್ಕಾರ ಕೊಂಡುಕೊಂಡಿತು. ಮೈಸೂರು ತನ್ನ ಪಾಲನ್ನು ಬಿಡದೆ, ಯುದ್ಧ ಮುಗಿಯುವ ತನಕ ಆಡಳಿತದ ಹಕ್ಕನ್ನು ಮಾತ್ರ ಬಿಟ್ಟುಕೊಟ್ಟಿತು. ಇದು ಜಾಣತನ. 1914ರಲ್ಲಿ ಮೊತ್ತವನ್ನೇ ಕೊಟ್ಟು ಕೈತೊಳೆದುಕೊಂಡಿದ್ದರು; ಈಗ ಷೇರು ಉಳಿಸಿಕೊಂಡರು.

1943ರಲ್ಲಿ ಕಾರ್ಖಾನೆ ಅಮೆರಿಕದ ವಾಯುಸೇನೆಯ ಕೈಗೆ ಹೋಯಿತು. 84ನೇ ಏರ್ ಡಿಪೊ ಎಂಬ ಹೆಸರಿನಲ್ಲಿ ಇಲ್ಲಿ ಡಕೋಟಾ, ಲಿಬರೇಟರ್, ಕ್ಯಾಟಲೀನಾ ವಿಮಾನಗಳನ್ನು ಬಿಚ್ಚಿ, ತೊಳೆದು, ಮತ್ತೆ ಕಟ್ಟುತ್ತಿದ್ದರು. ಅಸ್ಸಾಮಿನಿಂದ ಹಿಮಾಲಯದ ಕೊನೆಯ ಬೆಟ್ಟಸಾಲಿನ ಮೇಲೆ ಹಾರಿ ಚೀನಾಕ್ಕೆ ಪೆಟ್ರೋಲು, ಮದ್ದುಗುಂಡು ಒಯ್ಯುತ್ತಿದ್ದ ಸಾಗಣೆ ವಿಮಾನಗಳಿಗೂ, ಬರ್ಮಾದ ಕಾಡಿನಲ್ಲಿ ಸಿಕ್ಕಿಬಿದ್ದ ಪಡೆಗಳಿಗೆ ಮೇಲಿನಿಂದ ಅಕ್ಕಿ, ಔಷಧ ಉದುರಿಸುತ್ತಿದ್ದ ವಿಮಾನಗಳಿಗೂ ಜೀವ ಕೊಡುವ ಕೆಲಸ ವೈಟ್‌ಫೀಲ್ಡ್ ದಾರಿಯ ಈ ಶೆಡ್ಡುಗಳಲ್ಲಿ ಆಯಿತು. ನೇಗಿಲು ಬಿಟ್ಟು ಬಂದ ಹುಡುಗರು ಇಂಜಿನ್ನಿನ ಒಳಗನ್ನು ನೋಡಿದರು, ಇಂಚಿನ ಸಾವಿರದ ಒಂದು ಪಾಲನ್ನು ಅಳೆಯಲು ಕಲಿತರು. 1942ರ ಡಿಸೆಂಬರ್‌ನಲ್ಲಿ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ವಿಮಾನವಿಜ್ಞಾನ ವಿಭಾಗ ತೆರೆಯಿತು. ಅಲ್ಲಿ ಪಾಠ ಹೇಳಿದ ವಿ. ಎಂ. ಘಾಟಗೆಯವರೇ ಮುಂದೆ ಎಚ್‌ಟಿ-2 ತರಬೇತಿ ವಿಮಾನವನ್ನು ರೂಪಿಸಿದರು. 1951ರಲ್ಲಿ ಅದು ಹಾರಿತು.

ಆಕಾಶದಿಂದ ಉದುರುವ ಮೂಟೆಗೆ, ಮನುಷ್ಯನಿಗೆ ಪ್ಯಾರಾಶೂಟು ಬೇಕು. ಪ್ಯಾರಾಶೂಟಿಗೆ ಆಗ ರೇಷ್ಮೆ ಬೇಕು. ಜಗತ್ತಿನ ರೇಷ್ಮೆಯ ಬಹುಪಾಲು ಜಪಾನಿನದು, ಅದೀಗ ಶತ್ರುದೇಶ. ಮೂವತ್ತರ ದಶಕದಲ್ಲಿ ಅದೇ ಜಪಾನಿನ ಅಗ್ಗದ ರೇಷ್ಮೆಯಿಂದ ಸೊರಗಿ ಹಿಪ್ಪುನೇರಳೆ ಕಿತ್ತುಹಾಕಿದ್ದ ನಮ್ಮ ರೈತರ ಮುಂದೆ ಸರ್ಕಾರ ಈಗ ಕೈಯೊಡ್ಡಿ ನಿಂತಿತು. ಆದರೆ ಮನೆಯ ಚರಕದಲ್ಲಿ ಬಿಚ್ಚಿದ ನೂಲು ಒಂದೆಡೆ ದಪ್ಪ, ಒಂದೆಡೆ ಸಣ್ಣ. ಸೀರೆಗೆ ಅದು ಸಾಕು, ನೂರಾರು ಅಡಿ ಮೇಲಿನಿಂದ ಧುಮುಕುವವನ ಜೀವಕ್ಕೆ ಸಾಲದು. ಅದಕ್ಕೇ ಫಿಲೇಚರ್‌ಗಳು ಬೇಕಾದವು: ಒಂದೇ ಸಮನೆ ನೂಲು ತೆಗೆಯುವ ಯಂತ್ರದ ಬಿಚ್ಚಾಣಿಕೆ. ಮೈಸೂರು, ತಿರುಮಕೂಡಲು ನರಸೀಪುರ, ಆಗ ಮದ್ರಾಸಿಗೆ ಸೇರಿದ್ದ ಕೊಳ್ಳೇಗಾಲದಲ್ಲಿ ಈ ಕೆಲಸ ಹೆಚ್ಚಿತು. ಗೂಡಿನ ಬೆಲೆ ಏರಿ, ಚನ್ನಪಟ್ಟಣದಿಂದ ಶಿಡ್ಲಘಟ್ಟದವರೆಗೆ, ಇವತ್ತಿನ ಎಲೆಕ್ಟ್ರಾನಿಕ್ ಸಿಟಿಯ ಆಚೆ ಆನೇಕಲ್ಲಿನ ಕಡೆಗೂ, ಹಿಪ್ಪುನೇರಳೆ ಮತ್ತೆ ಹಬ್ಬಿತು. ಯುದ್ಧ ಮುಗಿದ ಕೂಡಲೇ ಬೆಲೆ ಬಿತ್ತು. ಪ್ಯಾರಾಶೂಟಿಗೆ ನೈಲಾನ್ ಬಂದಿತ್ತು. 1949ರಲ್ಲಿ ಕೇಂದ್ರ ರೇಷ್ಮೆ ಮಂಡಳಿ ಹುಟ್ಟಿದ್ದು ಈ ಏರಿಳಿತದ ಪೆಟ್ಟು ತಿಂದವರ ಕೂಗಿನ ಬೆನ್ನಿಗೆ.

ಪಶ್ಚಿಮಕ್ಕೆ, ತುಮಕೂರು ರಸ್ತೆಯ ಬದಿಯಲ್ಲಿ ಜಾಲಹಳ್ಳಿ. ಉತ್ತರ ಆಫ್ರಿಕದಲ್ಲಿ ಸೆರೆಸಿಕ್ಕ ಇಟಲಿಯ ಸಾವಿರಾರು ಸೈನಿಕರನ್ನು 1941ರಿಂದ ಬೆಂಗಳೂರಿಗೆ ತಂದು ಶಿಬಿರಗಳಲ್ಲಿಟ್ಟಿದ್ದರು. ಜಾಲಹಳ್ಳಿಯ ಉದ್ದುದ್ದ ಬ್ಯಾರಕ್‌ಗಳನ್ನು ಕಟ್ಟಿದ ಕೈಗಳಲ್ಲಿ ಅವರದೂ ಸೇರಿದ್ದವು. ಬರ್ಮಾ ರಂಗದಿಂದ ಬರುವ ಗಾಯಾಳುಗಳಿಗಾಗಿ ಅಲ್ಲಿ ಸಾಲು ಸಾಲು ಸೈನಿಕ ಆಸ್ಪತ್ರೆಗಳೆದ್ದವು. ಒಂದು ಆಸ್ಪತ್ರೆ ಪಟ್ಟಣವೇ ಆಯಿತು. ಗುಂಡೇಟಿಗಿಂತ ಮಲೇರಿಯಾ, ಆಮಶಂಕೆಯಿಂದ ನೆಲ ಹಿಡಿದವರು ಆ ರಂಗದಲ್ಲಿ ಹೆಚ್ಚು. ಬ್ರಿಟಿಷರ ವೈರಿಗಳಾಗಿ ಸೆರೆಯಾದವರು ಕಟ್ಟಿದ ಸೂರಿನಡಿ ಬ್ರಿಟಿಷ್ ಸಿಪಾಯಿಗಳು ಮೈ ಸುಧಾರಿಸಿಕೊಂಡರು. ಸುತ್ತಲ ಹಳ್ಳಿಗಳ ನೆಲವಷ್ಟೇ ಇದಕ್ಕೆ ಒದಗಿದ ಕೊಡುಗೆ. ಆ ನೆಲದವರನ್ನು ಕೊಡುತ್ತೀರಾ ಎಂದು ಯಾರೂ ಕೇಳಿದಂತಿಲ್ಲ.

ಆ ಮಾತಿಗೆ ಬಂದರೆ, ಈ ಇಡೀ ಕತೆಯಲ್ಲಿ ಕೊಟ್ಟವರು ಯಾರು? ಸ್ಪಿಟ್‌ಫೈರಿನ ಹೆಸರು ಸಂಸ್ಥಾನದ್ದು, ಬೊಕ್ಕಸ ತುಂಬಿದ್ದು ರೈತನ ಕಂದಾಯ. ಬ್ರಿಟಿಷ್ ಆಳ್ವಿಕೆಯ ಪ್ರಾಂತ್ಯಗಳಲ್ಲಿ 1940ರ ಅಕ್ಟೋಬರ್‌ನಿಂದಲೇ ವೈಯಕ್ತಿಕ ಸತ್ಯಾಗ್ರಹ ಆರಂಭವಾಗಿ, ಈ ಯುದ್ಧಕ್ಕೆ ಆಳನ್ನಾಗಲಿ ಹಣವನ್ನಾಗಲಿ ಕೊಡುವುದು ತಪ್ಪು ಎಂದು ಸಾರಿದವರು ಒಬ್ಬೊಬ್ಬರಾಗಿ ಜೈಲು ಸೇರುತ್ತಿದ್ದರು. ಧಾರವಾಡ, ಬೆಳಗಾವಿಯಲ್ಲಿ ಕೊಡಬೇಡಿ ಎಂಬ ಕೂಗು, ಮೈಸೂರಿನಲ್ಲಿ ಕೊಟ್ಟೆವೆಂಬ ಹೆಮ್ಮೆ: ಒಂದೇ ಭಾಷೆಯ ಜನ, ಗಡಿಯ ಎರಡು ಬದಿ. 1942ರ ಆಗಸ್ಟ್‌ನಲ್ಲಿ ಆ ಗಡಿಯೂ ಅಳಿಸಿತು. ಬೆಂಗಳೂರಿನ ಗಿರಣಿಗಳಲ್ಲಿ ಕೆಲಸ ನಿಂತಿತು, ಮೈಸೂರು ಬ್ಯಾಂಕಿನ ಬಳಿ ಪೊಲೀಸರ ಗುಂಡಿಗೆ ಜನ ಸತ್ತರು. ಶಿವಮೊಗ್ಗದ ಈಸೂರಿನವರು ತಮ್ಮದೇ ಸರ್ಕಾರ ಎಂದು ಘೋಷಿಸಿಕೊಂಡರು. 1943ರ ಮಾರ್ಚ್‌ನಲ್ಲಿ ಅವರಲ್ಲಿ ಐವರನ್ನು ಗಲ್ಲಿಗೇರಿಸಿದ್ದು ಮೈಸೂರು ಸರ್ಕಾರವೇ. ಗಂಡಭೇರುಂಡದ ಸ್ಕ್ವಾಡ್ರನ್ ಡಿಯೆಪ್ಪಿನ ಮೇಲೆ ಹಾರಿದ ತಿಂಗಳೂ ಮೈಸೂರು ಬ್ಯಾಂಕಿನ ಬಳಿ ಗುಂಡು ಹಾರಿದ ತಿಂಗಳೂ ಒಂದೇ. ಯುದ್ಧ ದೇಣಿಗೆಯ ಅಭಿನಂದನಾ ಪತ್ರಗಳನ್ನು ಓದುವಾಗ ನನಗೆ ಈ ತಿಂಗಳು ನೆನಪಾಗದೆ ಇರದು.

ಯುದ್ಧ ಮುಗಿದು ಅಮೆರಿಕನ್ನರು ಹೊರಟಾಗ ಹಿಂದೂಸ್ತಾನ್ ಏರ್‌ಕ್ರಾಫ್ಟಿನಲ್ಲಿ ಉಳಿದದ್ದು ದೊಡ್ಡ ಶೆಡ್ಡುಗಳು, ಯಂತ್ರಗಳು, ಕೆಲಸ ಕಲಿತ ಸಾವಿರಾರು ಕೈಗಳು, ಖಾಲಿ ಆರ್ಡರ್ ಪುಸ್ತಕ. ಕೈಗಳನ್ನು ಉಳಿಸಿಕೊಳ್ಳಲು ಕಾರ್ಖಾನೆ ರೈಲು ಬೋಗಿಗಳನ್ನು ಕಟ್ಟಲು ತೊಡಗಿತು. 1948ರಲ್ಲಿ ಕೃಷ್ಣರಾಜಪುರದ ಬಳಿ ಐಟಿಐ ಬಂದು ದೂರವಾಣಿನಗರ ಹುಟ್ಟಿತು. ಜಾಲಹಳ್ಳಿಯ ಆಸ್ಪತ್ರೆ ಪಟ್ಟಣ ವಾಯುಪಡೆಯ ಕೈಗೆ ಬಂದು, 1949ರಲ್ಲಿ ಅಲ್ಲಿ ವಾಯುಪಡೆಯ ತಾಂತ್ರಿಕ ಕಾಲೇಜು ತೆರೆಯಿತು. 1953ರಲ್ಲಿ ಸ್ವಿಟ್ಜರ್‌ಲೆಂಡಿನ ಓರ್ಲಿಕಾನ್ ಕಂಪನಿಯ ನೆರವಿನಿಂದ ಎಚ್‌ಎಂಟಿ, 1954ರಲ್ಲಿ ಫ್ರೆಂಚರ ನೆರವಿನಿಂದ ಬಿಇಎಲ್, ಎರಡೂ ಜಾಲಹಳ್ಳಿಯಲ್ಲೇ. ಬೇರೆ ಎಲ್ಲೂ ಸಿಗದ ಫಿಟ್ಟರ್, ಟರ್ನರ್‌ಗಳು ಈ ಊರಿನಲ್ಲಿ ಸಿಗುತ್ತಿದ್ದದ್ದು ಅದಕ್ಕೆ ಒಂದು ಕಾರಣ.

1962ರ ಚೀನಾ ಯುದ್ಧದಲ್ಲಿ ಸೈನ್ಯಕ್ಕೆ ಸರಿಯಾದ ವೈರ್‌ಲೆಸ್ ಸೆಟ್ಟುಗಳಿಲ್ಲ ಎಂಬುದು ಬಯಲಾದ ಮೇಲೆ ಬಿಇಎಲ್‌ಗೆ ಕೆಲಸ ಹೆಚ್ಚಿತು. ದೊಡ್ಡ ಕಾರ್ಖಾನೆಗಳು ಎಲ್ಲ ಬಿಡಿಭಾಗಗಳನ್ನೂ ತಾವೇ ಮಾಡಿಕೊಳ್ಳಲಾರವು. ಹೊರಗೆ ಜಾಬ್ ವರ್ಕ್ ಕೊಟ್ಟವು. ಎಚ್‌ಎಂಟಿಯಲ್ಲಿ, ಎಚ್‌ಎಎಲ್‌ನಲ್ಲಿ ಕೈ ಪಳಗಿದವರು ಒಂದು ಲೇತ್, ಒಂದು ಡ್ರಿಲ್ಲಿಂಗ್ ಮೆಷಿನ್ ಕೊಂಡು ಸ್ವಂತ ಶೆಡ್ಡು ಹಾಕಿದರು. ಎಪ್ಪತ್ತರ ದಶಕದಲ್ಲಿ ಜಾಲಹಳ್ಳಿಯ ಬೆನ್ನಿಗಿದ್ದ ಪೀಣ್ಯ ಹಳ್ಳಿಯ ಹೊಲಗಳಲ್ಲಿ ಕೈಗಾರಿಕಾ ವಸಾಹತು ಏಳುವಾಗ ಸೈಟು ಹಿಡಿದವರಲ್ಲಿ ಇಂಥವರು ತುಂಬ ಮಂದಿ. ಏಷ್ಯಾದಲ್ಲೇ ದೊಡ್ಡದು ಎಂದು ಪೀಣ್ಯದವರು ಹೇಳಿಕೊಳ್ಳುವ ಈ ವಸಾಹತಿನಲ್ಲಿ ಇವತ್ತಿಗೂ ಸೈನ್ಯದ ರೇಡಾರು, ಹೆಲಿಕಾಪ್ಟರುಗಳಿಗೆ ಬೇಕಾದ ಬಿಡಿಭಾಗಗಳು ತಯಾರಾಗುತ್ತವೆ. ಈಗ ಅವಕ್ಕೆ ಟೆಂಡರ್ ಇದೆ, ಇನ್‌ಸ್ಪೆಕ್ಷನ್ ಇದೆ, ಗೇಜು ಹಿಡಿದು ಬರುವ ಅಧಿಕಾರಿ ಇದ್ದಾನೆ. ಮಾಲು ಪಾಸಾದ ಮೇಲೆ ಬಿಲ್ಲು ಪಾಸಾಗುವ ತನಕ ಕಾಯುವುದೂ ಇದೆ. ದೇಣಿಗೆ ಎಂಬ ಮಾತು ಅಲ್ಲಿ ಕಿವಿಗೆ ಬೀಳುವುದು ಗಣಪತಿ ಹಬ್ಬದ ರಸೀದಿ ಪುಸ್ತಕ ಬಂದಾಗ.